ಬೆಳಗಿನವರೆಗಿನ ಆಟ, 4.7 ಜಿಬಿಯ ತಟ್ಟೆ

ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ಡಿವಿಡಿ ಪ್ಲೇಯರ್ ಇನ್ನೂ ನಿವೃತ್ತಿಯಾಗಿಲ್ಲ. ಟಿವಿಯ ಕೆಳಗೆ ಕಸೂತಿ ಬಟ್ಟೆ ಹೊದ್ದು, ತಲೆಯ ಮೇಲೆ ಎಲೆ-ಅಡಿಕೆ ಕವಳದ ಬಟ್ಟಲು ಹೊತ್ತು ಕೂತಿರುತ್ತದೆ. ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕಾದ ಮನೆಯಲ್ಲಿ ಯೂಟ್ಯೂಬಿನ ಮಾತಾಡಿ ಪ್ರಯೋಜನವಿಲ್ಲ. ಹೊನ್ನಾವರದಲ್ಲೋ ಕುಮಟಾದಲ್ಲೋ ಆದ ಯಕ್ಷಗಾನದ ಆಟವನ್ನು ಮೊಮ್ಮಗ ಮೇಳದವರನ್ನು ಕೇಳಿಯೇ ಫೋನಿನಲ್ಲಿ ಹಿಡಿದು, ದೇವಿಮನೆ ಘಟ್ಟ ಹತ್ತಿಸಿ ತಂದ ಎನ್ನಿ. ಅಜ್ಜನಿಂದ ಅಪ್ಪಣೆ ಬರುತ್ತದೆ: "ಇದ್ನ ಟಿವಿಲಿ ಹಾಕ್ಕೊಡು ತಮಾ."

ಮೊಮ್ಮಗನಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇದೇನು ದೊಡ್ಡ ವಿಷಯ ಎಂದುಕೊಳ್ಳುತ್ತಾನೆ. ಅನರ್ಥಕ್ಕೆ ಬೇರೆ ಮುಹೂರ್ತ ಬೇಕಿಲ್ಲ.

ಖಾಲಿ ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್ ವಿನಯದಿಂದ ಕೇಳುತ್ತದೆ: ಇದನ್ನು ಪೆನ್‌ಡ್ರೈವಿನ ಹಾಗೆ ಬಳಸುತ್ತೀರೋ, ಸಿಡಿ/ಡಿವಿಡಿ ಪ್ಲೇಯರ್‌ನಲ್ಲಿ ಬಳಸುತ್ತೀರೋ? ಯಾರಾದರೂ ಎರಡನೆಯದನ್ನೇ ಒತ್ತುತ್ತಾರೆ. ಎಂಪಿ4 ಫೈಲನ್ನು ಎಳೆದು ಹಾಕಿ, ಬರ್ನ್ ಎಂದು, ಡಿಸ್ಕ್ ಹೊರಗೆ ಬಂದ ಮೇಲೆ ಅದನ್ನು ಜಗಲಿಗೆ ಒಯ್ದು ಕೊಡುತ್ತಾರೆ. ಐದು ನಿಮಿಷಕ್ಕೆ ಜಗಲಿಯಿಂದ ಕೂಗು: "ತಮಾ, ಇದ್ರಲ್ಲಿ ಎಂತದೂ ಬತ್ತಿಲ್ಲೆ!" ಬರುವುದಿಲ್ಲ, ಬರಲೂಬಾರದು. ವಿಂಡೋಸಿನ ಎರಡು ಆಯ್ಕೆಗಳಲ್ಲಿ ಯಾವುದನ್ನು ಒತ್ತಿದರೂ ಆಗುವುದು ಡೇಟಾ ಡಿಸ್ಕೇ. ಎರಡನೆಯದರಲ್ಲಿ ಡಿಸ್ಕಿಗೆ ಬರೆದು ಮುಗಿಸುವ ಪದ್ಧತಿ ಬೇರೆ, ಅಷ್ಟೇ. ಹಳೆಯ ಪ್ಲೇಯರ್‌ಗೆ ಬೇಕಾದದ್ದು ಫೈಲಲ್ಲ, ಡಿವಿಡಿ ವಿಡಿಯೋ. ಎಂದರೆ ಎಂಪೆಗ್-2 ಚಿತ್ರ, ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ 720×576 ಅಳತೆ, ಸೆಕೆಂಡಿಗೆ 25 ಫ್ರೇಮು. ಧ್ವನಿ ಎಸಿ3 ಅಥವಾ ಎಂಪಿ2, ಅದೂ 48 ಕಿಲೋಹರ್ಟ್ಸ್. ಇದೆಲ್ಲ ವಿಡಿಯೋ-ಟಿಎಸ್ ಎಂಬ ಫೋಲ್ಡರಿನಲ್ಲಿ ಐಎಫ್ಓ, ಬಿಯುಪಿ, ವಿಓಬಿ ಎಂಬ ಮೂರು ಜಾತಿಯ ಫೈಲುಗಳಾಗಿ ಕೂತಿರಬೇಕು. ಜೊತೆಗೆ ಆಡಿಯೋ-ಟಿಎಸ್ ಎಂಬ ಖಾಲಿ ಫೋಲ್ಡರೊಂದು ಕಾಣುತ್ತದೆ. ಅದರೊಳಗೆ ಏನೂ ಇಲ್ಲವೆಂದು ಗಾಬರಿಯಾಗಿ ಹಾಡುಗಳನ್ನು ತುಂಬಿಸುವವರಿದ್ದಾರೆ. ಅದು ಖಾಲಿ ಇರುವುದೇ ಸರಿ.

ಈ ಫೋಲ್ಡರು ಕಟ್ಟಿಕೊಡುವ ಕೆಲಸಕ್ಕೆ ಡಿವಿಡಿಸ್ಟೈಲರ್ ಎಂಬ ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ. ಡಿಸ್ಕಿಗೆ ಬರೆಯಲು ಇಮ್ಗ್‌ಬರ್ನ್. ಅದರ ಕೊನೆಯ ಆವೃತ್ತಿ ಬಂದದ್ದು 2013ರಲ್ಲಿ, ಆದರೂ ಕೆಲಸಕ್ಕೆ ಕಳ್ಳತನವಿಲ್ಲ. ಲಿನಕ್ಸ್ ಇದ್ದವರಿಗೆ ಕೆ3ಬಿ. ವಿಂಡೋಸಿನ ಸ್ವಂತ ಡಿವಿಡಿ ಮೇಕರ್ ವಿಸ್ಟಾದಲ್ಲೂ 7ರಲ್ಲೂ ಇತ್ತು, 8ರಿಂದ ತೆಗೆದುಹಾಕಿದರು. ಹ್ಯಾಂಡ್‌ಬ್ರೇಕ್ ಡಿವಿಡಿ ಮಾಡುತ್ತದೆಂದು ನಂಬಿ ರಾತ್ರಿಯೆಲ್ಲ ಕಾಯಬೇಡಿ. ಅದು ಕೊಡುವುದು ಎಂಪಿ4, ಎಂಕೆವಿಯಂಥ ಫೈಲು. ಅದರಿಂದ ಬೇರೊಂದು ಉಪಕಾರವಿದೆ, ಮುಂದೆ ಹೇಳುತ್ತೇನೆ.

ಈಗ ಲೆಕ್ಕ. ಸಾದಾ ಡಿಸ್ಕಿನ ಮೇಲೆ 4.7 ಜಿಬಿ ಎಂದು ಅಚ್ಚಾಗಿರುತ್ತದೆ, ಕಂಪ್ಯೂಟರಿಗೆ ಹಾಕಿದರೆ 4.37 ಎನ್ನುತ್ತದೆ. ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. ಡಿಸ್ಕಿನವರು ಸಾವಿರದಿಂದ ಎಣಿಸುತ್ತಾರೆ, ಕಂಪ್ಯೂಟರ್ 1024ರಿಂದ. ಈ ಜಾಗದಲ್ಲಿ ಎಷ್ಟು ಹೊತ್ತಿನ ಆಟ ಹಿಡಿಸುತ್ತದೆಂಬುದು ಬಿಟ್‌ರೇಟಿನ ಮೇಲೆ, ಎಂದರೆ ಸೆಕೆಂಡಿಗೆ ಎಷ್ಟು ಡೇಟಾ ಎಂಬುದರ ಮೇಲೆ ನಿಂತಿದೆ. 600ನ್ನು ಆಟದ ನಿಮಿಷಗಳಿಂದ ಭಾಗಿಸಿ, ಧ್ವನಿಗೆಂದು 0.2 ಕಳೆಯಿರಿ. ಉಳಿದದ್ದು ಚಿತ್ರಕ್ಕೆ ಸೆಕೆಂಡಿಗೆ ಕೊಡಬಹುದಾದ ಮೆಗಾಬಿಟ್. ಎರಡು ಗಂಟೆಗೆ 4.8, ಚೆನ್ನಾಗಿರುತ್ತದೆ. ಒಂದೂವರೆ ಗಂಟೆಗೆ ಹತ್ತಿರಹತ್ತಿರ 6.5, ಇನ್ನೂ ಚೆನ್ನ. ಮೂರು ಗಂಟೆಗೆ 3.1, ವೇಷದ ಬಣ್ಣಗಳು ಚೌಕಚೌಕವಾಗಿ ಕದಡಲು ಶುರು. ಒಂದು ಗಂಟೆಯದ್ದಕ್ಕೆ ಲೆಕ್ಕದಂತೆ 9.8 ಬಂದರೂ 8 ದಾಟಬೇಡಿ. ಶಾಸ್ತ್ರ 9.8ರವರೆಗೆ ಬಿಟ್ಟರೂ ಮನೆಯಲ್ಲಿ ಬರೆದ ಡಿಸ್ಕಿನಲ್ಲಿ ಅಷ್ಟು ವೇಗ ಬಂದರೆ ಹಳೆಯ ಪ್ಲೇಯರ್ ಉಸಿರು ಬಿಡುತ್ತದೆ.

ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಿಗ್ಗೆ ಆರಕ್ಕೆ ಮಂಗಳ ಹಾಡುವ ಆಟವೆಂದರೆ 480 ನಿಮಿಷ. ಭಾಗಾಕಾರ ಮಾಡಿದರೆ ಚಿತ್ರಕ್ಕೆ ಸಿಗುವುದು 1.05. ಒಂದೇ ಡಿಸ್ಕಿಗೆ ಹಾಕಿದರೆ ಭಾಗವತರು ಕೇಳಿಸುತ್ತಾರೆ, ರಂಗದ ಮೇಲೆ ಯಾರು ಕುಣಿಯುತ್ತಿದ್ದಾರೆಂದು ಹೇಳಲು ಪ್ರಸಂಗ ಗೊತ್ತಿದ್ದವರೇ ಬೇಕು. ನಾಲ್ಕು ಡಿಸ್ಕ್ ಮಾಡಿ. "ಒಂದರಲ್ಲೇ ಹಿಡಿಸೋಲಾಗದಿಲ್ಯ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 8.5 ಜಿಬಿಯ ಎರಡು ಪದರದ ಡಿಸ್ಕ್ ನೆನಪಾಗುತ್ತದೆ. ಬೇಡ. ಬೆಲೆ ಜಾಸ್ತಿ, ಪದರ ಬದಲಾಗುವ ಜಾಗದಲ್ಲಿ ಹಳೆಯ ಪ್ಲೇಯರ್ ತಡವರಿಸುತ್ತದೆ, ಅದು ಸರಿಯಾಗಿ ಯುದ್ಧದ ನಡುವೆಯೇ ಬರುತ್ತದೆ. ತುಂಡು ಮಾಡುವಾಗಲೂ ಗಡಿಯಾರ ನೋಡಿ ಕತ್ತರಿಸಬೇಡಿ. ಒಂದು ಪಾತ್ರದ ನಿರ್ಗಮನ ನೋಡಿಕೊಂಡು ಕತ್ತರಿಸಿ. ಪದ್ಯದ ಮಧ್ಯೆ ಡಿಸ್ಕ್ ಮುಗಿದರೆ ಅಜ್ಜ ರಾತ್ರಿ ಊಟಕ್ಕೆ ಏಳುವುದಿಲ್ಲ.

ಇಷ್ಟು ಸುಲಭದ್ದು. ನಿಜವಾದ ಪೀಕಲಾಟ ತಾಳದ್ದು.

ಡಿಸ್ಕ್ ಓಡುತ್ತಿದೆ. ಮೊದಲ ಹತ್ತು ನಿಮಿಷ ಸುಖ. ಒಂದು ತಾಸಿನ ಹೊತ್ತಿಗೆ ಕಾಲು ನೆಲಕ್ಕೆ ಬಿದ್ದ ಮೇಲೆ ಚಂಡೆ ಕೇಳುತ್ತದೆ, ಇಲ್ಲವೇ ಚಂಡೆ ಮೊದಲು, ಕಾಲು ಆಮೇಲೆ. ಬೇರೆ ಕಡೆಯವರಾಗಿದ್ದರೆ ತುಟಿ ಮಾತು ಹೊಂದುತ್ತಿಲ್ಲ ಎಂದು ಸುಮ್ಮನಿರುತ್ತಿದ್ದರು. ನಮ್ಮ ಕಡೆ ಜಗಲಿಯಲ್ಲಿ ಕೂತವರೆಲ್ಲ ವಿಮರ್ಶಕರು. ಕಂಪ್ಯೂಟರಿನ ತಪ್ಪಿಗೆ ಕಲಾವಿದನಿಗೆ ಶಿಕ್ಷೆಯಾಗುತ್ತದೆ. "ಅಂವ ತಾಳ ತಪ್ಪಿದ್ದ" ಎಂದು ತೀರ್ಪು ಹೊರಬಿದ್ದು, ಸಂಜೆಯೊಳಗೆ ಸೊಸೈಟಿಯ ಕಟ್ಟೆಯವರೆಗೆ ಹೋಗಿರುತ್ತದೆ.

ಕಾರಣ ಇಷ್ಟೇ. ಫೋನು ಸೆಕೆಂಡಿಗೆ 30 ಫ್ರೇಮು ಎಂದು ಹೇಳಿಕೊಂಡರೂ ಅಷ್ಟೇ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ 24ಕ್ಕೆ ಇಳಿಯುತ್ತದೆ, ಬಿಸಿಯಾದರೆ ಇನ್ನಷ್ಟು ಆಲಸ್ಯ ಮಾಡುತ್ತದೆ, ಮತ್ತೆ 30ಕ್ಕೆ ಏರುತ್ತದೆ. ಧ್ವನಿ ಮಾತ್ರ ಒಂದೇ ವೇಗದಲ್ಲಿ ಹೋಗುತ್ತಿರುತ್ತದೆ. ಫೋನಿನ ಪ್ಲೇಯರ್‌ಗೆ ಈ ಏರಿಳಿತ ಗೊತ್ತಿರುವುದರಿಂದ ಅಲ್ಲಿ ಎಲ್ಲ ಸರಿ ಕಾಣುತ್ತದೆ. ಡಿವಿಡಿಗೆ ಹೋಗುವಾಗ ಎಲ್ಲ ಫ್ರೇಮಿಗೂ ಒಂದೇ ಅಳತೆ ಎಂದು ಯಾವುದಾದರೂ ತಂತ್ರಾಂಶ ತಿಳಿದುಕೊಂಡರೆ ಅಂತರ ನಿಮಿಷನಿಮಿಷಕ್ಕೂ ಬೆಳೆಯುತ್ತದೆ.

ಹ್ಯಾಂಡ್‌ಬ್ರೇಕ್ ಉಪಕಾರಕ್ಕೆ ಬರುವುದು ಇಲ್ಲಿ. ವಿಡಿಯೋ ಟ್ಯಾಬಿನಲ್ಲಿ ಫ್ರೇಮ್‌ರೇಟ್ 25, ಅದರ ಕೆಳಗೆ ಕಾನ್‌ಸ್ಟಂಟ್ ಎಂಬುದನ್ನು ಆರಿಸಿ, ಗುಣಮಟ್ಟದ ಅಂಕಿಯಾದ ಆರ್‌ಎಫ್ 16ರಿಂದ 18ರೊಳಗೆ ಇಟ್ಟು ಮೊದಲು ಒಂದು ಎಂಪಿ4 ಮಾಡಿಕೊಳ್ಳಿ. ಧ್ವನಿಯನ್ನು 48ಕ್ಕೆ ಅಲ್ಲೇ ಬದಲಿಸಿ. ಆ ಫೈಲನ್ನು ಡಿವಿಡಿಸ್ಟೈಲರ್‌ಗೆ ಕೊಡಿ. ಸುತ್ತು ದಾರಿ, ಆದರೆ ತಾಳ ಉಳಿಯುತ್ತದೆ. ರೋಗ ಇದೇ ಹೌದೋ ಅಲ್ಲವೋ ಎಂದು ತಿಳಿಯಲು ಆಟದ ಶುರುವಿನಲ್ಲೂ ಕೊನೆಯಲ್ಲೂ ಚಂಡೆಯ ಒಂದೊಂದು ಪೆಟ್ಟು ನೋಡಿ. ಶುರುವಿನಲ್ಲಿ ಸರಿಯಿದ್ದು ಕೊನೆಯಲ್ಲಿ ಹೋಗಿದ್ದರೆ ಫ್ರೇಮಿನ ಏರಿಳಿತ. ಎರಡೂ ಕಡೆ ಒಂದೇ ಅಂತರವಿದ್ದರೆ ಬರೀ ವಿಳಂಬ, ಧ್ವನಿಯನ್ನು ಅಷ್ಟು ಮಿಲಿಸೆಕೆಂಡ್ ಸರಿಸಿದರೆ ಮುಗಿಯಿತು.

30ರಿಂದ 25ಕ್ಕೆ ಇಳಿಸುವಾಗ ಆರರಲ್ಲೊಂದು ಫ್ರೇಮು ಬಿದ್ದುಹೋಗುತ್ತದೆ, ಗಿರಕಿ ಹೊಡೆಯುವಾಗ ಸ್ವಲ್ಪ ಜರ್ಕು ಕಾಣುತ್ತದೆ. ಅದನ್ನು ತಡೆಯಲಾರದವರು 29.97 ಫ್ರೇಮಿನ, 720×480ರ, ಎನ್‌ಟಿಎಸ್‌ಸಿ ಎಂಬ ಇನ್ನೊಂದು ಟಿವಿ ಪದ್ಧತಿಯ ಡಿಸ್ಕ್ ಮಾಡಬಹುದು. ನಮ್ಮಲ್ಲಿ ಮಾರಿದ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓದುತ್ತವೆ. ಟಿವಿ ಪಾಲ್ ಮಾತ್ರ ಬಲ್ಲ ಹಳೆಯ ಡಬ್ಬಿಯಾದರೆ ಚಿತ್ರ ಕಪ್ಪುಬಿಳುಪಾದೀತು, ಇಲ್ಲವೇ ಮೇಲಿನಿಂದ ಕೆಳಕ್ಕೆ ಉರುಳೀತು. ಕ್ಯಾಮ್‌ಕಾರ್ಡರ್‌ನ ಹಳೆಯ ಟೇಪಿನದ್ದಾದರೆ ತೊಂದರೆ ಇನ್ನೊಂದು. ಅಂಥ ವಿಡಿಯೋದ ಪ್ರತಿ ಫ್ರೇಮು ಫೀಲ್ಡ್ ಎಂಬ ಎರಡು ಅರ್ಧಗಳಾಗಿ ಬರುತ್ತದೆ. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು, ಆಮೇಲಿನ ಕ್ಯಾಮ್‌ಕಾರ್ಡರ್‌ಗಳ ಎವಿಸಿಎಚ್‌ಡಿಯಲ್ಲಿ ಮೇಲಿನದು ಮೊದಲು. ಇದು ಅದಲುಬದಲಾದರೆ ನಿಂತವರು ಸರಿ, ನಡೆದವರೆಲ್ಲ ನಡುಗುತ್ತಾರೆ. ಉಪನಯನದ ವಿಡಿಯೋದಲ್ಲಿ ಪುರೋಹಿತರಿಗೆ ಚಳಿಜ್ವರ ಬಂದಂತೆ ಕಂಡರೆ ಫೀಲ್ಡ್ ಆರ್ಡರ್ ಬದಲಿಸಿ ನೋಡಿ.

ಅಳತೆಯದ್ದೂ ಸ್ವಲ್ಪ ಹೇಳಬೇಕು. ಟ್ಯೂಬ್ ಟಿವಿ ಚಿತ್ರದ ನಾಲ್ಕೂ ಅಂಚನ್ನು ಚೂರುಚೂರು ನುಂಗುತ್ತದೆ. ಫೋನಿನಲ್ಲಿ ಅಂಚಿಗೆ ತಾಗುವಂತೆ ಹಿಡಿದಿದ್ದರೆ ಮೇಲೆ ಕಿರೀಟದ ತುದಿ ಹೋಯಿತು, ಕೆಳಗೆ ಗೆಜ್ಜೆ ಹೋಯಿತು. ಹಿಡಿಯುವಾಗಲೇ ಸುತ್ತಲೂ ಜಾಗ ಬಿಡಿ. ಪ್ಲೇಯರ್‌ನ ಸೆಟಪ್ಪಿನಲ್ಲಿ 4:3 ಪಿಎಸ್, 4:3 ಎಲ್‌ಬಿ, 16:9 ಎಂದು ಮೂರಿರುತ್ತವೆ. ಚೌಕ ಟಿವಿಗೆ ಎಲ್‌ಬಿ ಇಡಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಇಡೀ ಚಿತ್ರ ಕಾಣುತ್ತದೆ. ಪಿಎಸ್ ಇದ್ದರೆ ಎರಡು ಬದಿ ಕತ್ತರಿಸಿಹೋಗಿ, ಅರ್ಜುನ ಯಾರೊಂದಿಗೆ ಯುದ್ಧ ಮಾಡುತ್ತಿದ್ದಾನೆಂದೇ ತಿಳಿಯುವುದಿಲ್ಲ. ಫೋನನ್ನು ಅಡ್ಡ ಹಿಡಿಯದೆ ನೆಟ್ಟಗೆ ಹಿಡಿದು ಚಿತ್ರೀಕರಿಸಿದ್ದರೆ ಪರದೆಯ ಮೂರರಲ್ಲೊಂದು ಪಾಲೂ ತುಂಬುವುದಿಲ್ಲ, ಉಳಿದದ್ದು ಕಪ್ಪು. ಅದಕ್ಕೆ ಔಷಧಿಯಿಲ್ಲ.

ಮೆನುವಿನಲ್ಲಿ ಪ್ರಸಂಗದ ಹೆಸರು ಕನ್ನಡದಲ್ಲಿ ಬೇಕು ಎಂಬ ಆಸೆ ಸಹಜ. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಕಳಚಿಕೊಂಡು ಪಕ್ಕದಲ್ಲಿ ಕೂರುತ್ತದೆ. ಹೆಸರನ್ನು ಬೇರೆ ಕಡೆ ಚಿತ್ರವಾಗಿ ಮಾಡಿಕೊಂಡು ಹಿನ್ನೆಲೆಯಾಗಿ ಹಾಕಿ. ಹಿರಿಯರ ಮನೆಗಾದರೆ ಮೆನುವೇ ಬೇಡ. ಡಿಸ್ಕ್ ಹಾಕಿದ ಕೂಡಲೇ ಆಟ ಶುರುವಾಗಲಿ, ಹತ್ತು ಹತ್ತು ನಿಮಿಷಕ್ಕೊಂದು ಚಾಪ್ಟರ್ ಇರಲಿ. ರಿಮೋಟಿನಲ್ಲಿ ಮುಂದಿನದು ಎಂಬ ಒಂದು ಗುಂಡಿ ಗೊತ್ತಿದ್ದರೆ ಸಾಕಾಗುತ್ತದೆ.

ಕಟ್ಟಿದ್ದನ್ನು ನೇರವಾಗಿ ಡಿಸ್ಕಿಗೆ ಬರೆಯಬೇಡಿ, ಮೊದಲು ಇಡೀ ಡಿಸ್ಕಿನ ಪಡಿಯಚ್ಚಾದ ಐಎಸ್ಓ ಫೈಲ್ ಮಾಡಿ, ವಿಎಲ್‌ಸಿಯಲ್ಲಿ ತೆರೆದು ನೋಡಿ. ಈ 4.3 ಜಿಬಿಯ ಫೈಲನ್ನು ಪಕ್ಕದ ಮನೆಯ ಕಂಪ್ಯೂಟರಿಗೆ ಒಯ್ಯಲು ಹೋದಾಗ ಬಹುಪಾಲು ಖಾಲಿಯಿರುವ 16 ಜಿಬಿಯ ಪೆನ್‌ಡ್ರೈವ್ ಫೈಲ್ ದೊಡ್ಡದಾಯಿತು ಎಂದು ಹಟ ಹಿಡಿಯುತ್ತದೆ. ಎಫ್‌ಎಟಿ32 ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಒಳಗಿದ್ದ ಮದುವೆ ಫೋಟೊಗಳನ್ನು ಬೇರೆ ಕಡೆ ಇಟ್ಟ ಮೇಲೆ.

ಡಿಸ್ಕ್ ಡಿವಿಡಿ-ಆರ್ ಇರಲಿ, ಮೈನಸ್ ಗುರುತಿನದು. ಅದು 1997ರದ್ದು, ಪ್ಲಸ್ 2002ರ ಹೊತ್ತಿಗೆ ಬಂದದ್ದು, ಮುದಿ ಪ್ಲೇಯರ್‌ಗಳಿಗೆ ಮೈನಸ್ಸೇ ಹೆಚ್ಚು ಪರಿಚಯ. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್ ಪರೀಕ್ಷೆಗೆ ಒಳ್ಳೆಯದು, ಆದರೆ ಅದು ಬೆಳಕನ್ನು ಕಡಿಮೆ ಹಿಂತಿರುಗಿಸುವುದರಿಂದ ಕೆಲವು ಪ್ಲೇಯರ್ ಅದನ್ನು ಒಪ್ಪುವುದೇ ಇಲ್ಲ. ಆರ್‌ಡಬ್ಲ್ಯೂ ಓಡಲಿಲ್ಲ ಎಂದ ಮಾತ್ರಕ್ಕೆ ನಿಮ್ಮ ಕೆಲಸ ಕೆಟ್ಟಿದೆ ಎಂದಲ್ಲ. ಬರೆಯುವ ವೇಗ 4ಎಕ್ಸ್ ಅಥವಾ 8ಎಕ್ಸ್. ನಾಲ್ಕಕ್ಕೆ ಸುಮಾರು ಕಾಲು ಗಂಟೆ, ಎಂಟಕ್ಕೆ ಎಂಟು ನಿಮಿಷದ ಆಸುಪಾಸು. ಡಬ್ಬದ ಮೇಲೆ 16ಎಕ್ಸ್ ಎಂದಿದೆಯಲ್ಲ ಎಂದು ಹದಿನಾರರಲ್ಲಿ ಓಡಿಸಿದರೆ ಡಿಸ್ಕಿನ ಹೊರ ಅಂಚಿನಲ್ಲಿ ಬರಹ ಹದಗೆಡುತ್ತದೆ. ಬರೆಯುವುದು ಒಳಗಿನಿಂದ ಹೊರಕ್ಕೆ, ಹಾಗಾಗಿ ಹೊರ ಅಂಚೆಂದರೆ ಕೊನೆಯ ಅರ್ಧ ತಾಸು. ಖಳನ ವಧೆ ಇರುವುದು ಅಲ್ಲೇ. ಬರೆದದ್ದನ್ನು ಓದಿ ತಾಳೆ ನೋಡುವ ವೆರಿಫೈ ಎಂಬುದಕ್ಕೆ ಟಿಕ್ ಹಾಕಿ, ಡಿಸ್ಕನ್ನು ಫೈನಲೈಸ್ ಮಾಡಿ, ಎಂದರೆ ಬರಹ ಮುಗಿಯಿತೆಂದು ಮುಚ್ಚಿ.

ಈಗಿನ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲ, ಯುಎಸ್‌ಬಿಯ ತೆಳು ರೈಟರ್ ಬೇಕು. ಬರೆಯುವಾಗ ಅದಕ್ಕೆ ಕರೆಂಟ್ ಜಾಸ್ತಿ. ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದರೆ ಅರ್ಧದಲ್ಲಿ ಕೈಕೊಡುತ್ತದೆ. ನೇರ ಲ್ಯಾಪ್‌ಟಾಪಿನ ಪೋರ್ಟಿಗೇ ಹಾಕಿ, ರೈಟರ್‌ಗೆ ಎರಡು ತಲೆಯ ಕೇಬಲ್ ಇದ್ದರೆ ಎರಡನ್ನೂ ಸಿಕ್ಕಿಸಿ. ಆಷಾಢದ ಮಳೆಯಲ್ಲಿ ಡೆಸ್ಕ್‌ಟಾಪಿನಲ್ಲಿ ಬರೆಯಲು ಕೂರುವವರಿಗೆ ಯುಪಿಎಸ್ ಇರಲೇಬೇಕು. ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್ ಅಲ್ಲಿಗೇ ಮುಗಿಯಿತು. ಹೀಗೆ ಕೆಟ್ಟವನ್ನು ದಾರ ಕಟ್ಟಿ ಗದ್ದೆಯಲ್ಲಿ ತೂಗಿಬಿಡುವ ಪದ್ಧತಿಯಿದೆ. ಹಕ್ಕಿಗಳು ನಾಲ್ಕು ದಿನ ಹೆದರುತ್ತವೆ. ಮಂಗಗಳು ಮೊದಲ ದಿನವೇ ಕಿತ್ತು ಮೂಸಿ ನೋಡುತ್ತವೆ.

ಚೆನ್ನಾಗಿ ಬಂದ ಡಿಸ್ಕಿಗೂ ಶತ್ರುಗಳಿದ್ದಾರೆ. ಅಂದವಾಗಲೆಂದು ಕಾಗದದ ಲೇಬಲ್ ಅಂಟಿಸಿದರೆ ತಿರುಗುವಾಗ ಸಮತೋಲ ತಪ್ಪುತ್ತದೆ, ಮಳೆಗಾಲದ ತೇವಕ್ಕೆ ಅದು ಅಂಚಿನಲ್ಲಿ ಎದ್ದು ಪ್ಲೇಯರ್‌ನ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಲ್‌ಪೆನ್ನೂ ಬೇಡ, ಮಾರ್ಕರ್‌ನಲ್ಲಿ ಬರೆಯಿರಿ. ಡಿಸ್ಕಿನೊಳಗೆ ಡೇಟಾ ಬರೆಸಿಕೊಳ್ಳುವ ಬಣ್ಣದ ಪದರಕ್ಕೆ ಬಿಸಿಲು, ಶಾಖ ಆಗದು. ಅಡಿಕೆ ಒಣಗಿಸುವ ಅಟ್ಟದ ಮೇಲೂ ಕಿಟಕಿಯ ಬುಡದಲ್ಲೂ ಇಡಬಾರದು. ಒರೆಸುವುದಾದರೆ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ವೃತ್ತಾಕಾರವಾಗಿ ಉಜ್ಜಿದರೆ ಗೀರು ಬರಹದ ಜಾಡಿನುದ್ದಕ್ಕೂ ಬೀಳುತ್ತದೆ, ಅದನ್ನು ಪ್ಲೇಯರ್ ದಾಟಲಾರದು. ಕವಳ ಹಾಕಿದ ಕೈಯಲ್ಲಿ ಸುಣ್ಣವಿರುತ್ತದೆ ಎಂಬುದನ್ನು ಹಿರಿಯರಿಗೆ ಮೆಲ್ಲಗೆ ಹೇಳಿ. ಕಾರವಾರ, ಅಂಕೋಲಾದ ಸಮುದ್ರದಂಡೆಯ ಮನೆಯಾದರೆ ಡಿಸ್ಕಿಗಿಂತ ಮೊದಲು ಪ್ಲೇಯರ್‌ನ ಲೆನ್ಸಿಗೇ ಮಸುಕು ಬರುತ್ತದೆ. ಅಂಗಡಿಯ ಸಿನಿಮಾ ಡಿಸ್ಕ್ ಓಡಿ ನಿಮ್ಮದು ಮಾತ್ರ ನಿಂತರೂ ತಪ್ಪು ನಿಮ್ಮದೇ ಆಗಿರಬೇಕಿಲ್ಲ. ಅಚ್ಚು ಹಾಕಿದ ಡಿಸ್ಕ್ ಬೆಳಕನ್ನು ಚೆನ್ನಾಗಿ ಹಿಂತಿರುಗಿಸುತ್ತದೆ, ಮಸುಕು ಲೆನ್ಸು ಅದನ್ನಷ್ಟೇ ಹೇಗೋ ಓದಿಕೊಳ್ಳುತ್ತದೆ.

ನಾಲ್ಕು ಡಿಸ್ಕಿಗೂ 1, 2, 3, 4 ಎಂದು ದೊಡ್ಡದಾಗಿ ಬರೆಯಿರಿ, ಐಎಸ್ಓಗಳನ್ನು ಹಾರ್ಡ್‌ಡಿಸ್ಕಿನಲ್ಲಿ ಉಳಿಸಿಕೊಳ್ಳಿ. ಎರಡನೆಯದನ್ನು ಸೋದರತ್ತೆ ನೋಡಿ ಕೊಡುತ್ತೇನೆಂದು ಯಲ್ಲಾಪುರಕ್ಕೆ ಒಯ್ಯುತ್ತಾರೆ, ಮೂರನೆಯದು ಪಕ್ಕದ ಮನೆಗೆ ಹೋಗುತ್ತದೆ. ಮುಂದಿನ ಸಲ ಊರಿಗೆ ಬರುವಾಗ ಖಾಲಿ ಡಿಸ್ಕ್ ಹತ್ತಾದರೂ ತನ್ನಿ. ಶಿರಸಿ ಪೇಟೆಯಲ್ಲಿ ಈಗ ಕೇಳಿದರೆ ಅಂಗಡಿಯವರು ಮೊದಲು ನಿಮ್ಮ ಮುಖ ನೋಡಿ, ಆಮೇಲೆ ಒಳಗೆ ಹುಡುಕಲು ಹೋಗುತ್ತಾರೆ.