ನೀರು ಕೇಳಿದ ಸ್ವಚ್ಛತಾ ಮಂತ್ರಿ

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ನಮ್ಮ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಾಲಾ ಸಂಸತ್ತಿನ ಚುನಾವಣೆ ಇತ್ತು. ನೋಡೋಕೆ ಹೋಗಿದ್ದೆ. ಎಷ್ಟು ಚೆನ್ನಾಗಿ ಮಾಡಿದ್ದರು ಗೊತ್ತಾ! ನಾಮಪತ್ರ, ವಾಪಸ್ ತೆಗೆದುಕೊಳ್ಳೋಕೆ ಒಂದು ದಿನ, ಪ್ರಚಾರ, ಎಲ್ಲ ಮುಗಿದು ನಿನ್ನೆ ಮತದಾನ. ಮೊಬೈಲನ್ನೇ ಮತಯಂತ್ರ ಮಾಡಿದ್ದರು, ಒತ್ತಿದರೆ ಬೀಪ್ ಅನ್ನುತ್ತಿತ್ತು. ಏಳನೇ ಕ್ಲಾಸಿನವರು ಮತಗಟ್ಟೆ ಅಧಿಕಾರಿಗಳು. ಒಂದನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ಬಿಸಿಯೂಟಕ್ಕೆ ಕೈ ತೊಳೆಯುವಾಗ ಶಾಯಿ ಹಾಕಿಸಿಕೊಂಡ ಬೆರಳನ್ನು ಮಾತ್ರ ನೀರಿಗೆ ತಾಗದ ಹಾಗೆ ಎತ್ತಿ ಹಿಡಿದಿದ್ದಳು. ಮನೆಗೆ ಹೋಗಿ ತೋರಿಸಬೇಕಂತೆ. ಮಕ್ಕಳಿಗೆ ಪ್ರಜಾಪ್ರಭುತ್ವ ಕಲಿಸೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಮಧ್ಯಾಹ್ನ ಪ್ರಮಾಣ ವಚನ. ಪ್ರಧಾನ ಮಂತ್ರಿ, ಆಹಾರ ಮಂತ್ರಿ, ಕ್ರೀಡಾ ಮಂತ್ರಿ, ಹೀಗೆ ಒಬ್ಬೊಬ್ಬರೇ ಬಂದು ಹೋದರು. ಸ್ವಚ್ಛತಾ ಮಂತ್ರಿ ಆರನೇ ಕ್ಲಾಸಿನ ಹುಡುಗಿ. ಪ್ರಮಾಣ ಓದಿ ಮುಗಿಸಿದವಳು ವೇದಿಕೆಯಿಂದ ಇಳಿಯಲಿಲ್ಲ. ಅತಿಥಿಗಳ ಕಡೆ ತಿರುಗಿ ಕೇಳಿದಳು. "ಸಾರ್, ಹೆಣ್ಮಕ್ಕಳ ಟಾಯ್ಲೆಟ್‌ಗೆ ನೀರು ಬರಲ್ಲ. ನಾವೇ ಬೋರ್‌ವೆಲ್ ಹತ್ರದಿಂದ ಬಕೆಟ್‌ನಲ್ಲಿ ತರ್ತೀವಿ. ಒಂದು ಪೈಪ್ ಹಾಕಿಸಿ ಕೊಡ್ತೀರಾ?"

ಗಂಟಲು ಸ್ವಲ್ಪ ನಡುಗುತ್ತಿತ್ತು. ಆದರೆ ಪೂರ್ತಿ ಕೇಳಿದಳು.

ಅತಿಥಿ ಏನಂದರು ಗೊತ್ತಾ? "ಏನಮ್ಮಾ, ದೊಡ್ಡವರ ಹತ್ರ ಹಿಂಗೇನಾ ಮಾತಾಡೋದು? ಮೊದ್ಲು ಮರ್ಯಾದೆ ಕಲಿ." ವೇದಿಕೆ ಮೇಲಿದ್ದವರು ನಕ್ಕರು. ಒಬ್ಬ ಮೇಷ್ಟ್ರು ಅವಳ ತೋಳು ಹಿಡಿದು ಕೆಳಗೆ ಕಳಿಸಿದರು. ಆಮೇಲೆ ಅದೇ ಅತಿಥಿ ಮೌಲ್ಯ, ಸಂಸ್ಕಾರ, ಪರಸ್ಪರ ಗೌರವ ಅಂತ ತುಂಬಾ ಹೊತ್ತು ಭಾಷಣ ಮಾಡಿದರು.

ಪರಸ್ಪರ ಅಂದರೆ ಎರಡೂ ಕಡೆಯಿಂದ ಅಲ್ವಾ? ಆ ಹುಡುಗಿ ಸಾರ್ ಅಂದಳು, ಕೊಡ್ತೀರಾ ಅಂತ ಬಹುವಚನದಲ್ಲೇ ಕೇಳಿದಳು. ಅವಳ ಕಡೆಯ ಮರ್ಯಾದೆ ಪೂರ್ತಿ ಸಂದಾಯವಾಗಿತ್ತು. ಬಾಕಿ ಉಳಿದದ್ದು ವೇದಿಕೆ ಮೇಲಿದ್ದವರದು.

ನನ್ನ ಹೊಟ್ಟೆ ಯಾಕೆ ಇಷ್ಟು ಉರಿಯಿತು ಅಂತಲೂ ಹೇಳಿಬಿಡುತ್ತೇನೆ. ನಾನು ಓದಿದ ಪ್ರೈಮರಿ ಶಾಲೆಯಲ್ಲಿ ಟಾಯ್ಲೆಟ್ಟೇ ಇರಲಿಲ್ಲ. ನಾವು ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಿದ್ದೆವು. ಬಿಸಿಲುಗಾಲದಲ್ಲಿ ಉರಿಮೂತ್ರ ಬಂದು ಅಳುತ್ತಾ ಮನೆಗೆ ಹೋದದ್ದಿದೆ. ಯಾರನ್ನೂ ಕೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಈ ಹುಡುಗಿಗೆ ಬಂದಿದೆ. ಇಂಥ ಧೈರ್ಯ ಬರಲಿ ಅಂತಲೇ ಅಲ್ವಾ ಈ ಚುನಾವಣೆ, ಈ ಮಂತ್ರಿಮಂಡಲ ಎಲ್ಲ?

ಅವಳು ಕೇಳಿದ್ದು ಭಿಕ್ಷೆಯೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಬೇಕು ಅಂತಿದೆ. ನೀರಿಲ್ಲದ ಶೌಚಾಲಯ ಯಾರಿಗೆ ಬೇಕು? ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು ಅಂತ ಅದರಲ್ಲಿದೆ. ಇನ್ನು ನಮ್ಮ ರಾಜ್ಯದಲ್ಲಿ 2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ನಿನ್ನೆ ಬೆಳಿಗ್ಗೆಯೂ ಓದಿದರು. ವ್ಯಕ್ತಿ ಗೌರವ ಅನ್ನೋ ಮಾತನ್ನು ಎಲ್ಲ ಮಕ್ಕಳೂ ಒಟ್ಟಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಅದೇ ಮಕ್ಕಳ ಮುಂದೆ, ಅದೇ ಅಂಗಳದಲ್ಲಿ, ಮಧ್ಯಾಹ್ನ ಇದು ನಡೆಯಿತು. ಪೀಠಿಕೆಗಿಂತ ಆ ನಗುವೇ ಅವರಿಗೆ ಜಾಸ್ತಿ ನೆನಪಿರುತ್ತದೆ.

"ಹೀಗೆಲ್ಲ ಬಿಟ್ಟರೆ ಮಕ್ಕಳು ತಲೆ ಮೇಲೆ ಕೂರ್ತಾರೆ" ಅಂತ ಕೆಲವರು ಹೇಳುತ್ತಾರೆ. ನಿನ್ನೆಯೂ ಪಕ್ಕದಲ್ಲಿದ್ದವರೊಬ್ಬರು ಹೇಳಿದರು. ಟಾಯ್ಲೆಟ್‌ಗೆ ನೀರು ಕೇಳಿದರೆ ತಲೆ ಮೇಲೆ ಕೂತ ಹಾಗಾ? ಮೇಷ್ಟ್ರುಗಳಿಗೆ ಪುರುಸೊತ್ತಿಲ್ಲ ಅನ್ನೋದನ್ನು ಮಾತ್ರ ಒಪ್ಪುತ್ತೇನೆ. ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಆನ್‌ಲೈನ್ ಎಂಟ್ರಿ ಎಲ್ಲ ಅವರ ತಲೆಗೇ. 2025ರ ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆ ಮನೆ ಮನೆ ತಿರುಗಿದವರೂ ಅವರೇ. ಆದರೆ "ಒಳ್ಳೆ ಪ್ರಶ್ನೆ ಪುಟ್ಟಿ, ಬರೆದುಕೊಳ್ತೀವಿ" ಅನ್ನೋಕೆ ಎಷ್ಟು ಹೊತ್ತು ಬೇಕು?

ನಮ್ಮಮ್ಮ ಇಡೀ ಸರ್ವಿಸು ಪ್ರೈಮರಿ ಟೀಚರ್ ಆಗಿದ್ದವರು, ನಿಮಗೆಲ್ಲ ಗೊತ್ತೇ ಇದೆ. ಶನಿವಾರ ಶಾಲೆ ಬಿಡೋ ಮುಂಚೆ ಅವರ ಕ್ಲಾಸಿನಲ್ಲಿ ಯಾರು ಬೇಕಾದರೂ ಎದ್ದು ದೂರು ಹೇಳಬಹುದಿತ್ತು. ಟೀಚರ್ ಮೇಲಿನ ದೂರಾದರೂ ಸರಿ. ಒಬ್ಬ ಹುಡುಗ "ಟೀಚರ್, ನೀವು ಯಾವಾಗ್ಲೂ ಮುಂದೆ ಕೂತೋರಿಗೇ ಪ್ರಶ್ನೆ ಕೇಳ್ತೀರ" ಅಂದನಂತೆ. ಸೋಮವಾರದಿಂದ ಅಮ್ಮ ಕೂರುವ ಸಾಲುಗಳನ್ನು ದಿನಾ ಬದಲಾಯಿಸಿದರು. ಅವರ ಕ್ಲಾಸಿನಲ್ಲಿ ಮರ್ಯಾದೆಯ ಪಾಠ ಅಂತ ಬೇರೆ ಇರಲಿಲ್ಲ. ಆ ಮಕ್ಕಳು ಈಗಲೂ ದಾರಿಯಲ್ಲಿ ಸಿಕ್ಕರೆ ಗಾಡಿ ನಿಲ್ಲಿಸಿ ಮಾತಾಡಿಸುತ್ತಾರೆ. ಯಾರೂ ಅಮ್ಮನ ತಲೆ ಮೇಲೆ ಕೂರಲಿಲ್ಲ.

ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆ ನೋಡಿಕೊಳ್ಳುವ ಶಾಲಾಭಿವೃದ್ಧಿ ಸಮಿತಿಯಲ್ಲಿ ಇರುವ ಗೆಳೆಯರೇ, ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆ ತಾಯಂದಿರೇ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಆ ಜಾಗ ನಿಮ್ಮದು. ಪ್ರತಿ ಮೀಟಿಂಗಿಗೂ ಮಕ್ಕಳ ಮಂತ್ರಿಮಂಡಲದಿಂದ ಇಬ್ಬರನ್ನು ಕರೆಯಿರಿ. ಅವರು ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಆಗದ ಕೆಲಸವಾಗಿದ್ದರೆ ಯಾಕೆ ಆಗಲ್ಲ ಅಂತ ಆ ಮಕ್ಕಳಿಗೇ ಹೇಳಿ.

ಕುಂದಾಪುರದ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯತಿ ನಡೆಸಿ ತೋರಿಸಿದ್ದಾರೆ. ಈಗ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳೇ ತಮ್ಮ ತೊಂದರೆ ಹೇಳಿಕೊಳ್ಳುವ ಮಕ್ಕಳ ಗ್ರಾಮಸಭೆ ಮಾಡಬೇಕು ಅಂತಿದೆ. ನಮ್ಮದರ ದಿನಾಂಕ ಕೇಳೋಕೆ ನಾಳೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗುತ್ತಿದ್ದೇನೆ. ಗೊತ್ತಾದ ತಕ್ಷಣ ಇಲ್ಲೇ ಹಾಕುತ್ತೇನೆ. ಊರಲ್ಲಿರುವವರು ಬನ್ನಿ. ಆ ಹುಡುಗಿ ಪೈಪಿನ ವಿಷಯ ಮತ್ತೆ ಎತ್ತಿದಾಗ ಅವಳ ಹಿಂದೆ ನಾವೂ ನಾಲ್ಕು ಜನ ಕೂತಿರೋಣ.