ನೋವು ಹೋದರೆ ಕಲ್ಲು ಹೋಯ್ತು ಅಂತಲ್ಲ

ಕಿಡ್ನಿ ಸ್ಟೋನ್ ಅಂದ ತಕ್ಷಣ ನಮ್ಮಲ್ಲಿ ಎಲ್ಲರ ಹತ್ತಿರವೂ ಒಂದು ಮದ್ದು ಇರುತ್ತೆ. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು. ಕೆಲವರು ಬಿಯರ್ ಕುಡಿ ಅಂತಲೂ ಹೇಳ್ತಾರೆ. ಆದರೆ ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು, ಮೂತ್ರಕ್ಕೆ ಅಡ್ಡ ನಿಂತಿದೆಯಾ ಅಂತ ಕೇಳೋರು ಕಡಿಮೆ. ನನ್ನ ತಕರಾರು ಇಷ್ಟೇ. ಕಲ್ಲು ಇದೆ ಅನ್ನೋದು ಸ್ಕ್ಯಾನ್‌ನಲ್ಲಿ ಗೊತ್ತಾಗಬೇಕು, ಹೋಯ್ತು ಅನ್ನೋದೂ ಸ್ಕ್ಯಾನ್‌ನಲ್ಲೇ ಗೊತ್ತಾಗಬೇಕು.

ನಮ್ಮ ಭಾವ ಬಳ್ಳಾರಿ ಕಡೆ ಅದಿರು ಲಾರಿ ಓಡಿಸ್ತಾರೆ. ಬೇಸಿಗೆಯಲ್ಲಿ ಕ್ಯಾಬಿನ್ ಒಳಗೆ ಕೂತರೆ ಮೈಯಲ್ಲಿರೋ ನೀರೆಲ್ಲ ಬೆವರಾಗಿ ಹೋಗುತ್ತೆ. ಪದೇ ಪದೇ ಗಾಡಿ ನಿಲ್ಲಿಸಬೇಕಾಗುತ್ತೆ ಅಂತ ನೀರೂ ಕಡಿಮೆ ಕುಡೀತಿದ್ದರು. ಒಂದು ರಾತ್ರಿ ಎಡ ಪಕ್ಕೆಯ ಹಿಂದೆ ನೋವು ಶುರುವಾಗಿ ತೊಡೆಸಂದಿಗೆ ಇಳಿಯಿತು. ಕೂರಕ್ಕಾಗಲ್ಲ, ಮಲಗಕ್ಕಾಗಲ್ಲ, ವಾಂತಿ ಬೇರೆ. ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಕೊಟ್ಟರು, ನೋವು ಇಳಿಯಿತು. ಕಲ್ಲು ಬಿದ್ದು ಹೋಗಿರಬೇಕು ಬಿಡು ಅಂದರು ಎಲ್ಲರೂ. ಸ್ಕ್ಯಾನ್ ಮಾಡಿಸಲೇ ಇಲ್ಲ. ಕೆಲವು ತಿಂಗಳಾದ ಮೇಲೆ ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನ್ ಮಾಡಿದಾಗ ಎಡ ಕಿಡ್ನಿ ಊದಿಕೊಂಡಿರೋದು ಕಂಡಿತು. ಕಲ್ಲು ಮೂತ್ರನಾಳದಲ್ಲೇ, ಅಂದ್ರೆ ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯೋ ಕೊಳವೆಯಲ್ಲೇ, ಕಚ್ಚಿಕೊಂಡು ಕೂತಿತ್ತು.

ಹೀಗಾಗೋದಕ್ಕೆ ಕಾರಣ ಇದೆ. ಕಲ್ಲು ಚುಚ್ಚುತ್ತೆ, ಅದಕ್ಕೇ ನೋವು ಅಂತ ನಾವು ಅಂದುಕೊಳ್ತೇವೆ. ಆ ನೋವು ಬರೋದು ಹೆಚ್ಚಾಗಿ ಒತ್ತಡದಿಂದ. ಮೂತ್ರನಾಳದ ಒಳಗಿನ ಜಾಗ ಬರೀ 3-4 ಮಿಲಿಮೀಟರ್. ಅಲ್ಲಿ ಕಲ್ಲು ಸಿಕ್ಕಿಕೊಂಡರೆ ಮೂತ್ರ ಹಿಂದಕ್ಕೆ ತುಂಬಿಕೊಂಡು ಕಿಡ್ನಿ ಹಿಗ್ಗುತ್ತೆ. ಕೆಲವು ದಿನ ಹೀಗೇ ಇದ್ದರೆ ಆ ಕಿಡ್ನಿ ಮೂತ್ರ ಮಾಡೋದನ್ನೇ ಕಡಿಮೆ ಮಾಡುತ್ತೆ. ಒತ್ತಡ ಇಳಿಯುತ್ತೆ, ನೋವೂ ಇಳಿಯುತ್ತೆ. ತಡೆ ಮಾತ್ರ ಹಾಗೇ ಇರುತ್ತೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನೋ ಕಸ ರಕ್ತದಲ್ಲಿ ಎಷ್ಟಿದೆ ಅಂತ ನೋಡಿದರೂ ನಾರ್ಮಲ್ ಬರಬಹುದು, ಯಾಕಂದ್ರೆ ಇನ್ನೊಂದು ಕಿಡ್ನಿ ಅದರ ಕೆಲಸವನ್ನೂ ಮಾಡ್ತಿರುತ್ತೆ. ಎಷ್ಟೋ ಜನ ಆ ಒಂದು ರಿಪೋರ್ಟ್ ನೋಡಿ ನೆಮ್ಮದಿಯಾಗಿ ಇದ್ದುಬಿಡ್ತಾರೆ. ನನಗೆ ಭಯ ಆಗೋದೇ ಅದಕ್ಕೆ.

ಸಾಮಾನ್ಯವಾಗಿ ಮೊದಲು ಮಾಡೋದು ಅಲ್ಟ್ರಾಸೌಂಡ್. ರೇಡಿಯೇಷನ್ ಇಲ್ಲ, ಗರ್ಭಿಣಿಯರಿಗೆ, ಮಕ್ಕಳಿಗೆ ಅದೇ ಸರಿ. ಕಿಡ್ನಿ ಊದಿದ್ದರೆ ಚೆನ್ನಾಗಿ ಕಾಣುತ್ತೆ. ಆದರೆ ಮೂತ್ರನಾಳದ ನಡುಭಾಗ ಕರುಳಿನ ಗಾಳಿಯ ಹಿಂದೆ ಮರೆಯಾಗುತ್ತೆ, ಅಲ್ಲಿರೋ ಕಲ್ಲು ತಪ್ಪಿಹೋಗಬಹುದು. ಮಾಮೂಲಿ ಎಕ್ಸ್‌ರೇಯಲ್ಲಿ ಯೂರಿಕ್ ಆಸಿಡ್‌ನಿಂದ ಆದ ಕಲ್ಲು ಕಾಣಲ್ಲ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್. ಇದಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ (ಚಿತ್ರ ಎದ್ದು ಕಾಣಲಿ ಅಂತ ಕೊಡೋ ಔಷಧಿ) ಬೇಕಾಗಿಲ್ಲ, ಕಲ್ಲು ಎಲ್ಲಿದೆ, ಎಷ್ಟಿದೆ ಅಂತ ಸರಿಯಾಗಿ ತೋರಿಸುತ್ತೆ. ಹಾಗಂತ ಎಲ್ಲರಿಗೂ ಮೊದಲೇ ಸಿಟಿ ಬೇಕು ಅಂತಲ್ಲ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಅಲ್ಟ್ರಾಸೌಂಡ್‌ನಿಂದ ಶುರು ಮಾಡಿದವರಿಗೆ ಅದರಿಂದ ಅಪಾಯವೇನೂ ಜಾಸ್ತಿ ಆಗಲಿಲ್ಲ ಅಂತ ತೋರಿಸಿತು.

ರಿಪೋರ್ಟ್ ಕೈಗೆ ಬಂದಾಗ ಎಂಎಂ ಅಂತ ಇರೋ ಅಂಕಿ ನೋಡಿ. 5ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನವು ತಾವಾಗೇ ಇಳಿಯುತ್ತವೆ. 10 ದಾಟಿದರೆ ಆ ಆಸೆ ಕಡಿಮೆ. ಅದರ ಜೊತೆಗೇ ಹೈಡ್ರೋನೆಫ್ರೋಸಿಸ್ ಅನ್ನೋ ಪದ ಇದೆಯಾ ನೋಡಿ. ಇದ್ದರೆ ಕಿಡ್ನಿಯಲ್ಲಿ ಮೂತ್ರ ತುಂಬಿಕೊಂಡಿದೆ ಅಂತ. ಎಷ್ಟು ದಿನ ಕಾಯಬಹುದು, ಮತ್ತೆ ಸ್ಕ್ಯಾನ್ ಯಾವಾಗ ಅಂತ ಡಾಕ್ಟ್ರನ್ನ ಬಾಯಿಬಿಟ್ಟು ಕೇಳಿ. ಚಳಿಜ್ವರ ಬಂದರೆ, ಮೂತ್ರ ನಿಂತುಹೋದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ತಡೆಯ ಹಿಂದೆ ಸೋಂಕು ಸೇರಿದರೆ ಜೀವಕ್ಕೇ ಅಪಾಯ.

ಇನ್ನೊಂದು. ಕಲ್ಲು ಬಿದ್ದರೆ ಬಿಸಾಡಬೇಡಿ. ಒಂದು ಹಳೇ ಟೀ ಜಾಲರಿಯನ್ನ ಇದಕ್ಕೇ ಅಂತ ಇಟ್ಟುಕೊಂಡು ಮೂತ್ರ ಸೋಸಿ, ಸಿಕ್ಕಿದ ಚೂರನ್ನ ಡಬ್ಬಿಗೆ ಹಾಕಿ ಲ್ಯಾಬ್‌ಗೆ ಕೊಡಿ. ಯೂರಿಕ್ ಆಸಿಡ್ ಕಲ್ಲಾದರೆ ಮೂತ್ರದ ಆಮ್ಲ ತಗ್ಗಿಸೋ ಔಷಧಿಯಿಂದ ಕರಗಿಸಬಹುದು. ಕ್ಯಾಲ್ಸಿಯಂ ಕಲ್ಲು ಹಾಗೆ ಕರಗಲ್ಲ. ಭಾವನದನ್ನ ಲೇಸರ್‌ನಲ್ಲಿ ಒಡೆದು ತೆಗೆದರು. ಟೆಸ್ಟ್ ಮಾಡಿದರೆ ಕ್ಯಾಲ್ಸಿಯಂ ಆಕ್ಸಲೇಟ್, ಅಂದ್ರೆ ಕ್ಯಾಲ್ಸಿಯಂ ಜೊತೆ ಆಹಾರದಲ್ಲೂ ಇರೋ ಆಕ್ಸಲೇಟ್ ಅನ್ನೋ ವಸ್ತು ಸೇರಿ ಆದ ಕಲ್ಲು. ಅಷ್ಟರಲ್ಲಿ ಯಾರೋ ಹೇಳಿದ್ದು ಕೇಳಿ ಅಕ್ಕ ಮನೆಯಲ್ಲಿ ಹಾಲು, ಮೊಸರು ನಿಲ್ಲಿಸಿಬಿಟ್ಟಿದ್ದಳು. ಊಟದ ಜೊತೆ ಹೋಗೋ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನ ಹಿಡಿದುಕೊಳ್ಳುತ್ತೆ, ಅದು ಬೇಕು. ಡಾಕ್ಟ್ರು ಮೊಸರು ಮತ್ತೆ ಶುರು ಮಾಡಿಸಿದರು, ಉಪ್ಪಿನಕಾಯಿ ಬಿಡಿಸಿದರು, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗೋವಷ್ಟು ನೀರು ಕುಡಿಯೋದಕ್ಕೆ ಹೇಳಿದರು.