ನಡುಗುವ ಕೈ ಹೇಡಿತನವಲ್ಲ
ಮೊದಲ ಮಹಾಯುದ್ಧವನ್ನು ಕುರಿತ ಹೊಸ ಚಿತ್ರವೊಂದರಲ್ಲಿ ಕಂದಕದೊಳಗೆ ನಡುಗುತ್ತ ಕೂರುವ ಸೈನಿಕನನ್ನು ಆ ಚಿತ್ರದ ವಿಮರ್ಶೆ ಬರೆದ ಲೇಖಕರು ‘ಹೇಡಿ’ ಎಂದು ಕರೆದು, ಆ ಪಾತ್ರದಿಂದ ಚಿತ್ರದ ಕೆಚ್ಚೇ ಕುಂದಿದೆ ಎಂದಿರುವುದನ್ನು ನಾನು ಒಪ್ಪಲಾರೆ. ಶೆಲ್ ದಾಳಿ ನಿಂತು ಬಹಳ ಹೊತ್ತಾದ ಮೇಲೂ ಅವನು ತಗಡಿನ ಲೋಟವನ್ನು ತುಟಿಯವರೆಗೆ ಒಯ್ಯಲಾರದೆ ನೀರನ್ನೆಲ್ಲ ಎದೆಯ ಮೇಲೆ ಚೆಲ್ಲಿಕೊಳ್ಳುವಾಗ ಚಿತ್ರಮಂದಿರದಲ್ಲಿ ಯಾರೂ ಮಿಸುಕಲಿಲ್ಲ. ನನ್ನ ಮಟ್ಟಿಗೆ ಇಡೀ ಚಿತ್ರದ ಜೀವ ಇರುವುದೇ ಅಲ್ಲಿ. ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲೇ ಯುದ್ಧದ ಆಘಾತದಿಂದಾಗುವ ಈ ಸ್ಥಿತಿಯನ್ನು ‘ಶೆಲ್ ಶಾಕ್’ ಎಂದು ದಾಖಲಿಸಿದ್ದರು. ಆದರೂ ಹೇಡಿತನ, ಪಲಾಯನ ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ಗುಂಡಿಕ್ಕಿ ಕೊಂದ 306 ಸೈನಿಕರಿಗೆ ಕ್ಷಮಾದಾನ ದೊರೆತದ್ದು 2006ರಲ್ಲಿ, ಅಂದರೆ ಸುಮಾರು ಒಂದು ಶತಮಾನ ಕಳೆದ ಮೇಲೆ. ಇಷ್ಟೆಲ್ಲ ದಾಖಲಾಗಿರುವಾಗ ಲೇಖಕರು ಆ ಪದವನ್ನು ಹಿಂತೆಗೆದುಕೊಳ್ಳಬೇಕೆಂದು ಕೋರುತ್ತೇನೆ.